ಮೊಟ್ಟೆಗೆ ಅವಸರವಿರಲಿಲ್ಲ

ಬಿಸಿಯಾದ ಧೂಳಿನ ವಾಸನೆ ಎಂದರೆ ಅವಳಿಗೆ ಅಪ್ಪ. ಚಿಕ್ಕವಳಿದ್ದಾಗ, ರಿಪೇರಿಗೆ ಬಂದ ರೇಡಿಯೋಗಳ ಬೆನ್ನನ್ನು ಅಪ್ಪ ಬಿಚ್ಚಿದರೆ ಮನೆಯೆಲ್ಲ ಅದೇ ವಾಸನೆ. ಈಗ ಸರ್ವರ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ಅದು ಮೂಗಿಗೆ ಬಂದು ಮನಸ್ಸು ಹಗುರಾಗುತ್ತಿತ್ತು.

ಆ ದಿನ ಬಾಗಿಲು ತೆರೆದವನು ಅವನು. ಬೂಟಿನ ತುಂಬ ಗುಡ್ಡದ ಮಣ್ಣು, ಕಣ್ಣಲ್ಲಿ ಕೆಂಡ.

"ನಲವತ್ತು ದಿನ ಬಂಡೆ ಮೇಲೆ ಕೂತಿದ್ದೀನಿ ರೀ. ಮೊಟ್ಟೆ ಒಡೆಯೋ ಹೊತ್ತಿಗೆ ನಿಮ್ಮ ಮೆಷಿನ್ನು ಅದನ್ನ ಅಳಿಸಿಬಿಡ್ತು. ನಿಮಗೆ ಇದು ಬರೀ ಅಂಕಿ, ಅಲ್ವಾ?"

ಹದ್ದಿನ ಗೂಡನ್ನು ನೇರಪ್ರಸಾರ ಮಾಡುವ ಕ್ಯಾಮೆರಾಮನ್ ಅವನು. ಸೆಕೆಂಡಿಗೆ ಎಷ್ಟು ಡೇಟಾ ಹರಿಯಬೇಕು ಎಂಬ ಬಿಟ್ ರೇಟ್ ನೋಡಿಕೊಳ್ಳುವವಳು ಅವಳು. ಚಿತ್ರ ಅಲುಗಾಡದಿದ್ದರೆ ಬಿಟ್ ರೇಟ್ ಇಳಿಸು ಎಂದು ಸರ್ವರ್‌ಗೆ ಹೇಳಿಟ್ಟವಳೂ ಅವಳೇ. ಗೂಡು ಅಲುಗಾಡುವುದುಂಟೇ? ಬಿಟ್ ರೇಟ್ ಇಳಿದು ಚಿತ್ರ ಮಸುಕಾಗಿ, ಮೊಟ್ಟೆಯ ಮೇಲಿನ ಕೂದಲೆಳೆಯಂಥ ಬಿರುಕು ಅದರಲ್ಲಿ ಮುಳುಗಿಹೋಗಿತ್ತು.

ತಪ್ಪು ನನ್ನದು ಎಂದಳು. ಅವನು ಕೇಳಿಸಿಕೊಳ್ಳದೆ ಹೊರಟ. ಆದರೆ ಹೋಗುವಾಗ, ನೆಲಕ್ಕೆ ಬಿದ್ದ ಮಣ್ಣನ್ನು ಬಗ್ಗಿ ಕೈಯಾರೆ ಬಳಿದುಕೊಂಡು ಹೋದ.

'ಕೋಪದಲ್ಲೂ ಕಸ ಗುಡಿಸುವವಳ ನೆನಪಿದೆಯಲ್ಲ ಈತನಿಗೆ...'

ಅದಾದ ನಾಲ್ಕನೇ ದಿನ ಮಧ್ಯಾಹ್ನ ಗೂಡಿನಲ್ಲಿ ಉಳಿದಿದ್ದ ಇನ್ನೊಂದು ಮೊಟ್ಟೆ ಮಿಸುಕಿತು. ಸುದ್ದಿ ಹಬ್ಬಿ, ನೋಡುವವರು ಲಕ್ಷ ದಾಟಿದರು. ಬಿಟ್ ರೇಟ್ ಇಳಿಸದಿದ್ದರೆ ಪ್ರಸಾರವೇ ನಿಲ್ಲುತ್ತದೆ. ಇಳಿಸಿದರೆ ಮತ್ತೆ ಮಸುಕು. ಇದೂ ಕೈತಪ್ಪಿದರೆ ಅವನ ಮುಖ ಹೇಗೆ ನೋಡಲಿ...

ಮೊಟ್ಟೆಗೇನು ಅವಸರವೇ? ಸೆಕೆಂಡಿಗೆ ಮೂವತ್ತು ಚಿತ್ರ ಏಕೆ? ಐದು ಸಾಕು. ಇದ್ದಷ್ಟು ಡೇಟಾವನ್ನು ಆ ಐದಕ್ಕೇ ಬಡಿಸಿದಳು.

ತಕ್ಷಣ ಅವನ ಫೋನು. "ಚಿತ್ರ ಕುಂಟ್ತಿದೆ. ಮತ್ತೆ ಅದೇ ಮಾಡಿದ್ರಾ?" ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟ.

ಆದರೂ ಅವಳು ಬದಲಿಸಲಿಲ್ಲ.

ಆಗ ಕಂಡಿತು. ಬಿರುಕು... ಅದರೊಳಗೆ ಅಕ್ಕಿಕಾಳಿನಷ್ಟು ಕೊಕ್ಕು... ಒದ್ದೆ ತುಪ್ಪುಳದ ಒಂದೊಂದು ಎಳೆ. ತಾಯಿಹದ್ದು ಉಸಿರು ಬಿಗಿಹಿಡಿದಂತೆ ತಲೆ ಬಾಗಿಸಿ ನಿಂತಿತ್ತು. ಕಚೇರಿಯಲ್ಲಿ ಒಬ್ಬೊಬ್ಬರೇ ಕುರ್ಚಿ ಬಿಟ್ಟು ಎದ್ದರು. ಸದಾ ಸಿಡುಕುವ ಮೇಲಧಿಕಾರಿಯೂ ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಜೀವ ಜಗತ್ತಿಗೆ ಬರುವುದನ್ನು ಲಕ್ಷ ಜನ ಒಟ್ಟಿಗೆ ನೋಡುತ್ತಿದ್ದರು.

ಸಂಜೆ ಅವನು ಬಂದ. ಬೂಟು ಹೊರಗೇ ಬಿಟ್ಟಿದ್ದ. ಫೋನಿನಲ್ಲಿ ಹಾಗೆ ಅಂದದ್ದು ತನ್ನ ತಪ್ಪು ಎಂದ. ಗುಡ್ಡದ ಮೇಲೆ ಅವನ ಫೋನಿಗೆ ಸಿಗ್ನಲ್ ಒಂದೇ ಕಡ್ಡಿ, ಅದರಲ್ಲೂ ಬಿರುಕು ಸ್ಪಷ್ಟವಾಗಿ ಕಂಡಿತಂತೆ. ಮೊಟ್ಟೆಗೇನು ಅವಸರ, ಅದಕ್ಕೇ ಸೆಕೆಂಡಿಗೆ ಐದೇ ಚಿತ್ರ ಕಳಿಸಿದೆ ಎಂದಳು ಅವಳು.

"ಮೊಟ್ಟೆಗೆ ಅವಸರ ಇಲ್ಲ ಅಂತ ನಿಮಗೆ ಹೇಗೆ ಹೊಳೀತು?"

"ಮೊದಲ ದಿನದಿಂದ ನಾನೂ ನೋಡ್ತಾನೇ ಇದ್ದೀನಲ್ಲ."

"ಗೂಡನ್ನ?"

ಅವಳು ತಲೆ ತಗ್ಗಿಸಿದಳು. "ದಿನಾ ಮಧ್ಯಾಹ್ನ ಆ ಹದ್ದಿಗೆ 'ಊಟ ಆಯ್ತೇನಮ್ಮ' ಅಂತೀರಲ್ಲ, ಮೈಕಲ್ಲಿ ಬರ್ತಿತ್ತು. ಅದನ್ನ ಮಾತ್ರ ಪ್ರಸಾರಕ್ಕೆ ಬಿಡ್ತಿರ್ಲಿಲ್ಲ. ನಾನೊಬ್ಬಳೇ ಕೇಳಿಸ್ಕೊತಿದ್ದೆ."

ಅವನ ಕಿವಿ ಕೆಂಪಾಯಿತು. ಮೆಲ್ಲಗೆ ಕೇಳಿದ:

"ನಿಮ್ಮ ಊಟ ಆಯ್ತಾ?"

ಇಲ್ಲವೆಂದು ತಲೆಯಾಡಿಸಿದಳು. ಅವನು ಚೀಲದಿಂದ, ಬೆಳಗ್ಗೆಯಿಂದ ಮುಚ್ಚಳ ತೆಗೆಯದ ತನ್ನ ಊಟದ ಡಬ್ಬಿಯನ್ನು ತೆಗೆದು ಅವಳ ಕೈಗಿಟ್ಟ.