ಮೇಲಿನ ಮಡುವಿನ ಸೊನ್ನೆ

"ನಮ್ಮ ನದಿಯ ಮೇಲಿನ ಮಡುವಲ್ಲಿ ನೀರುನಾಯಿ ಇಲ್ಲ ಅಂತ ಬರೆದವರು ನೀವೇನಾ?"

ಕಚೇರಿಯ ಬಾಗಿಲಲ್ಲಿ ನಿಂತವಳ ದನಿ ಕೇಳಿದ್ದೇ ತಡ, ಅವನ ಕೈಯ ಟೀ ಲೋಟ ತುಳುಕಿತು. ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ ಕೇಳಿದ ದನಿ... ಮುಖ ಮಾತ್ರ ಇವತ್ತೇ ಮೊದಲು.

ಅವಳಿಗೂ ಅಷ್ಟೇ. ಬಲೆ ಹೆಣೆಯುತ್ತ ಈ ಭೇಟಿಯನ್ನು ಅದೆಷ್ಟು ಸಲ ಮನಸ್ಸಿನಲ್ಲೇ ಹೆಣೆದುಕೊಂಡಿದ್ದಳೋ. ಒಂದು ಸಲವೂ ಹೀಗೆ ಸಿಟ್ಟಿನಿಂದ ನಿಂತಿರಲಿಲ್ಲ.

ಅವಳ ಊರಿನ ಹನ್ನೆರಡು ದೋಣಿಯವರಿಗೆ ನದಿಯ ಮೂಲೆಮೂಲೆ ಗೊತ್ತು, ಅಕ್ಷರ ಗೊತ್ತಿಲ್ಲ. ಯಾವ ಮಡುವಿನಲ್ಲಿ ಎಷ್ಟು ನೀರುನಾಯಿ ಕಂಡವೆಂದು ಅವರನ್ನು ಕೇಳಿ, ಕಚೇರಿ ಕಳಿಸಿದ ಅಚ್ಚಿನ ಚೀಟಿಯಲ್ಲಿ ಬರೆದು, ಭಾನುವಾರ ಅವನಿಗೆ ಓದಿ ಹೇಳಿ, ತಿಂಗಳ ಕೊನೆಗೆ ಚೀಟಿ ಕಳಿಸುವುದು ಅವಳ ಕೆಲಸ. ಅದನ್ನೆಲ್ಲ ಕೂಡಿಸಿ ವರದಿ ಮಾಡುವುದು ಅವನ ಕೆಲಸ. ಲೆಕ್ಕ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಮಾತು ಮುಗಿಯುತ್ತಿರಲಿಲ್ಲ.

ಇವತ್ತು ಮೂರು ಗಂಟೆಗೆ ಸಭೆ. ಮೇಲಿನ ಮಡುವಿನಲ್ಲಿ ನೀರುನಾಯಿ ಇಲ್ಲವೆಂದಾದರೆ ಅಲ್ಲಿ ಮರಳೆತ್ತುವ ಯಂತ್ರ ಇಳಿಯುತ್ತದೆ. ಯಂತ್ರ ಇಳಿದರೆ ಮಡು ಹೋಯಿತು, ಮೀನು ಹೋಯಿತು, ಹನ್ನೆರಡು ಮನೆಯ ಒಲೆ ಆರಿತು.

"ಮರಳಿನವರು ನಿಮ್ಮನ್ನೂ ಬುಟ್ಟಿಗೆ ಹಾಕ್ಕೊಂಡ್ರಾ?"

ಅವನು ಕಡತ ಬಿಚ್ಚಿ ಅವಳ ಮುಂದಿಟ್ಟ. ವರದಿಗೆ ಲೆಕ್ಕ ಹಿಡಿದ ಕಳೆದ ಮೂರು ತಿಂಗಳ ಚೀಟಿಗಳು. ಮೇಲಿನ ಮಡು: ಸೊನ್ನೆ. ಸೊನ್ನೆ. ಮತ್ತೆ ಸೊನ್ನೆ.

"ಈ ಅಕ್ಷರ ಯಾರದು?" ಅವನು ಮೆಲ್ಲಗೆ ಕೇಳಿದ.

ಅವಳದೇ.

"ಮೇಲಿನ ಮಡುವಲ್ಲಿ ಎಷ್ಟು ಕಂಡವು ಅಂತ ಚೀಟೀಲಿ ಇತ್ತು. ಎಲ್ರನ್ನೂ ಕೇಳಿದೆ. ಒಂದೂ ಕಾಣಲಿಲ್ಲ ಅಂದ್ರು... ಬರೆದೆ."

"ಮತ್ತೆ ನಾನು ಮಾಡಿದ ತಪ್ಪೇನು?"

"ಆ ಮೂರು ತಿಂಗಳು ಯಾರೂ ಅಲ್ಲಿಗೆ ಹೋಗೋದೇ ಇಲ್ವಲ್ಲ! ಹೋಗದವರಿಗೆ ಕಾಣೋದೆಲ್ಲಿಂದ? ಎಷ್ಟು ಕಂಡವು ಅಂತ ಕೇಳಿದ್ರಿ. ಹೋಗಿದ್ರಾ ಅಂತ ಒಂದು ದಿನ ಕೇಳ್ಲಿಲ್ಲ."

"ನೀವೂ ಹೇಳ್ಲಿಲ್ಲ."

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ..." ಅವಳು ಚೀಟಿಯ ಸೊನ್ನೆಗಳನ್ನೇ ನೋಡಿದಳು. ದೇವರೇ, ನನ್ನ ಕೈಯಾರೆ ನಮ್ಮ ನದಿಗೆ ಮಣ್ಣು ಹಾಕಿದೆನಲ್ಲ!

ಅವನು ಗಡಿಯಾರ ನೋಡಿದ. ಕಡತ ಎತ್ತಿಕೊಂಡು ಸರಸರ ಹೊರಟುಹೋದ.

ಹೋದ. ಸೊನ್ನೆ ಬರೆದವಳು ನಾನು ತಾನೇ, ಅವನಿಗೇನು?

ಸಭೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಅವಳ ಜೊತೆ ಬಂದಿದ್ದ ಅಪ್ಪ, ದೋಣಿಯವರಿಗೆಲ್ಲ ಹಿರಿಯ, ಕೂತಿದ್ದ. ಅವಳು ಪಕ್ಕದಲ್ಲಿ ಕುಸಿದಳು.

"ಈಗ ಓಡಿದನಲ್ಲ, ಅವನೇನಾ ನಿನ್ನ ಭಾನುವಾರದವನು?"

"ಹೂಂ."

"ಫೋನಲ್ಲಿ ದನಿ ದಪ್ಪಗಿತ್ತು. ಆಸಾಮಿ ನೋಡಿದ್ರೆ ದೋಣಿ ತಳ್ಳೋ ಗಳ ಇದ್ದ ಹಾಗಿದಾನೆ."

ಅವಳಿಗೆ ನಗು ಬರಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟ.

ಮೂರು ಹೊಡೆಯಿತು. ಬಾಗಿಲು ತೆರೆಯಿತು.

"ಯಜಮಾನ್ರೇ, ಒಳಗೆ ಬನ್ನಿ. ನೀವೂ ಬನ್ನಿ."

ಅವನೇ! ಇಷ್ಟು ಹೊತ್ತು ಸಭೆ ನಡೆಸುವ ಅಧಿಕಾರಿಣಿಯ ಮುಂದೆ ನಿಂತು, ಇವರನ್ನು ಸಭೆಗೆ ಬಿಡಿ ಎಂದು ಕಾಡಿ ಬೇಡಿದ್ದ.

"ಈ ವರದಿಗೆ ಸಹಿ ಹಾಕಿದವನು ನಾನು," ಅವನು ಎಲ್ಲರೆದುರು ಹೇಳಿದ. "ಇದು ತಪ್ಪು. ನಾನು ಒಂದು ಸಲವೂ ನದಿಗೆ ಹೋಗಲಿಲ್ಲ, ಕೇಳಬೇಕಾದ್ದು ಕೇಳಲಿಲ್ಲ. ಈಗ ಕೇಳ್ತೀನಿ. ಯಜಮಾನ್ರೇ, ಆ ಮೂರು ತಿಂಗಳು ಮೇಲಿನ ಮಡುವಿಗೆ ಹೋಗಿದ್ರಾ?"

"ಇಲ್ಲ."

"ಯಾಕೆ?"

ಇದೆಂಥ ಪ್ರಶ್ನೆ ಎಂಬಂತೆ ಅಪ್ಪ ಅವನನ್ನು ನೋಡಿದ. "ತಾಯಿ ಮರಿ ಹಾಕ್ಕೊಂಡು ಮಲಗಿರೋ ಕಡೆ ಬಲೆ ಬಿಡ್ತಾರಾ ಸ್ವಾಮಿ?"

ಅಧಿಕಾರಿಣಿ ಪೆನ್ನು ಕೆಳಗಿಟ್ಟರು.

"ಹೋಗದೇ ಇದ್ರೆ, ಅವು ಅಲ್ಲಿವೆ ಅಂತ ಹೇಗೆ ಗೊತ್ತು?" ಅಧಿಕಾರಿಣಿ ಕೇಳಿದರು.

"ಎದುರು ದಡದಲ್ಲಿ ನಿಂತರೆ ಸಾಕು ತಾಯಿ. ಅಲ್ಲಿನ ಬಂಡೆ ಮೇಲೆ ಎರಡು ಕಡೆ ಹಿಕ್ಕೆ ಬಿದ್ದಿದೆ, ಅದರ ತುಂಬ ಮೀನಿನ ಹುರುಪೆ. ಸಂಸಾರಕ್ಕೊಂದು ಜಾಗ, ಅಂದ್ರೆ ಎರಡು ಸಂಸಾರ ಇವೆ. ಎಲ್ಲಾ ಒಂದೇ ಕಕ್ಕಸಿಗೆ ಸಾಲು ನಿಲ್ಲೋಕೆ ಅವೇನು ಆಫೀಸಿನವಾ?"

ಯಾರೋ ಕಿಸಕ್ಕೆಂದರು. ಅಧಿಕಾರಿಣಿ ನಗಲಿಲ್ಲ.

"ಎರಡು ತಿಂಗಳು ಯಂತ್ರ ಇಳಿಯೋ ಹಾಗಿಲ್ಲ. ದೋಣಿಯವರೇ ಮತ್ತೆ ಎಣಿಸಲಿ," ಎಂದರು. ಆಮೇಲೆ ಅವನತ್ತ ತಿರುಗಿ, "ನೀವು ನಾಳೆಯಿಂದ ಬರಬೇಕಾಗಿಲ್ಲ."

ಹೊರಗಿನ ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು.

"ಸೊನ್ನೆ ಬರೆದವಳು ನಾನು. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾಳೆ ನಿಮ್ಮ ಚೀಟೀನ ಯಾರು ನಂಬ್ತಾರೆ? ಇನ್ನು ಎಣಿಸಬೇಕಾದವರು ನೀವೇ."

"ಭಾನುವಾರ... ಫೋನು?"

"ಲೆಕ್ಕ ಕೇಳೋ ಹಕ್ಕು ನನಗಿನ್ನಿಲ್ಲ."

"ಬರೀ ಲೆಕ್ಕ ಕೇಳೋಕೇ ಮಾಡ್ತಿದ್ರಾ?"

ಅವನು ತಲೆ ತಗ್ಗಿಸಿದ. "ಮೊದಲ ತಿಂಗಳು ಅಷ್ಟೇ. ಆಮೇಲೆ... ನೀವು ಫೋನ್ ಇಟ್ಟುಬಿಡ್ತೀರಲ್ಲ ಅನ್ನೋ ಭಯ. ಅದಕ್ಕೇ ಒಂದೊಂದು ಮಡುವನ್ನೂ ಎರಡೆರಡು ಸಲ ಕೇಳ್ತಿದ್ದೆ."

"ಗೊತ್ತಿತ್ತು. ನಾನೂ ಅದಕ್ಕೇ ನಿಧಾನ ಓದ್ತಿದ್ದೆ."

ಇಬ್ಬರ ಕಣ್ಣೂ ತುಂಬಿದವು. ಎರಡು ತಿಂಗಳ ಆಚೆ ಏನಿದೆಯೋ ಇಬ್ಬರಿಗೂ ತಿಳಿಯದು.

"ಬನ್ನಿ ನಮ್ಮ ಜೊತೆ," ಅವಳೆಂದಳು. "ಎದುರು ದಡಕ್ಕೆ ದೋಣೀಲೇ ಹೋಗ್ಬೇಕು."

"ನನಗೆ ಈಜು ಬರಲ್ಲ."

"ನಾನಿದೀನಲ್ಲ," ಎಂದು ಅವಳು ಕೈ ಚಾಚಿದಳು.