ಓಡಿಸಿ ನೋಡದ ಅಂದಾಜು

"ಈ ಪ್ಯಾರಾ ತೆಗೀಬೇಕು."

ಟೊರಾಂಟೋದಿಂದ ಅಂದೇ ಬಂದಿಳಿದ ಕ್ಯಾಲಮ್ ಕೋಟು ಕೂಡ ಬಿಚ್ಚದೆ ಆಡಿದ ಮೊದಲ ಮಾತು ಅದು.

ಓಡೆಟ್ ತಲೆಯೆತ್ತಿದಳು. ಹ್ಯಾಲಿಫ್ಯಾಕ್ಸ್ ಕಚೇರಿಯಲ್ಲಿ ಕೂತು ಕಂಪನಿಯ ಡೇಟಾಬೇಸಿಗೆ ಕೈಪಿಡಿ ಬರೆಯುವವಳು ಅವಳು. ಕೇಳಿದ ಮಾಹಿತಿಯನ್ನು ಯಾವ ದಾರಿಯಲ್ಲಿ ಹುಡುಕಬೇಕೆಂದು ನಿರ್ಧರಿಸುವ ‘ಪ್ಲ್ಯಾನರ್’ ಎಂಬ ತಂತ್ರಾಂಶ ಕ್ಯಾಲಮ್‌ನ ಸೃಷ್ಟಿ. ಆರಿಸಿದ ದಾರಿ ಯಾವುದು, ಎಷ್ಟು ಸಾಲು ಮಾಹಿತಿ ಸಿಗಬಹುದು ಎಂದು ಹುಡುಕಾಟ ಓಡಿಸುವ ಮೊದಲೇ ಅದು ಕೊಡುವ ವರದಿಯ ಬಗ್ಗೆ ಅವಳು ಬರೆದಿದ್ದಳು: ‘ಇದು ಅಂದಾಜು ಮಾತ್ರ. ನಿಜವಾಗಿ ಓಡಿಸಿ ನೋಡುವ ತನಕ ನಂಬಬೇಡಿ.’

ಎಂಥಾ ಕಣ್ಣು ಇವನದು... ಎಂದ ತನ್ನ ಮನಸ್ಸನ್ನು ತಾನೇ ಗದರಿದಳು.

"ತೆಗೆಯಲ್ಲ. ಹತ್ತು ಸಾಲು ಅಂತ ಹೇಳಿ ನಿಮ್ಮ ಪ್ಲ್ಯಾನರ್ ಹತ್ತು ಲಕ್ಷ ಸಾಲು ಜಾಲಾಡಿದ್ದನ್ನ ಕಣ್ಣಾರೆ ನೋಡಿದೀನಿ."

"ನಾನೂ ನೋಡಿದೀನಿ. ಅದಕ್ಕೇ..."

"ಅದಕ್ಕೇ ಮುಚ್ಚಿಡ್ತೀರಾ?"

ಮೇಲಧಿಕಾರಿ ಬೆವರ್ಲಿ ನಡುವೆ ಬಾಯಿ ಹಾಕಿದಳು. "ಶುಕ್ರವಾರ ಬಿಡುಗಡೆ, ಓಡೆಟ್. ಅವನು ಹೇಳಿದಂಗೆ ಮಾಡು. ಇಲ್ಲಾಂದ್ರೆ ಕೈಪಿಡೀನ ಬೇರೆಯವರಿಗೆ ಕೊಡ್ತೀನಿ."

ಆರು ವರ್ಷ ಬರೆದ ಪುಸ್ತಕ. ಆದರೂ ಓಡೆಟ್ ಪಟ್ಟು ಬಿಡಲಿಲ್ಲ.

"ಕೊಡಿ. ಬೇಕಾದ್ರೆ ನನ್ನ ಹೆಸರು ತೆಗೀರಿ. ಆ ಪ್ಯಾರಾ ಇರ್ಲಿ."

ಬಾಗಿಲನ್ನು ದಡಾರನೆ ಹಾಕಿಕೊಂಡು ಹೊರಟೇಬಿಟ್ಟಳು. ಹೆತ್ತವರಿಗೆ ಹೆಗ್ಗಣ ಮುದ್ದು! ತನ್ನ ಪ್ಲ್ಯಾನರ್ ತಪ್ಪು ಜಗತ್ತಿಗೆ ಕಾಣಬಾರದು ಇವನಿಗೆ.

ಗುರುವಾರ ಮಧ್ಯಾಹ್ನ ಕರಡು ತೆರೆದರೆ ಪ್ಯಾರಾ ಮಾಯವಾಗಿತ್ತು. ಅಳಿಸಿದವರ ಜಾಗದಲ್ಲಿ ಕ್ಯಾಲಮ್‌ನ ಹೆಸರು.

ಕುಡಿಯುತ್ತಿದ್ದ ಚೌಡರ್ ಸೂಪಿನ ಬಟ್ಟಲನ್ನು ಅಲ್ಲೇ ಬಿಟ್ಟು, ನೇರ ಅವನ ಮೇಜಿನ ಮುಂದೆ ಹೋಗಿ ನಿಂತಳು.

"ಹೇಡಿ ಕಣ್ರೀ ನೀವು."

ಅವನು ಕಂಪ್ಯೂಟರ್ ಪರದೆಯನ್ನು ಅವಳತ್ತ ತಿರುಗಿಸಿದ. ಪ್ಲ್ಯಾನರ್ ಕೊಟ್ಟ ವರದಿ. ಅದರ ಮೊದಲ ಸಾಲಲ್ಲೇ ಇತ್ತು: ‘ಇದು ಅಂದಾಜು ಮಾತ್ರ. ನಿಜವಾಗಿ ಓಡಿಸಿ ನೋಡುವ ತನಕ ನಂಬಬೇಡಿ.’

ಅವಳ ಮಾತೇ... ಒಂದಕ್ಷರವೂ ಬದಲಾಗಿರಲಿಲ್ಲ.

"ಕೈಪಿಡೀನ ಯಾರು ಓದ್ತಾರೆ? ವರದಿ ಎಲ್ರೂ ನೋಡ್ತಾರೆ. ತಪ್ಪಿಸಿಕೊಳ್ಳೋಕೆ ಆಗದ ಜಾಗದಲ್ಲಿ ನಿಮ್ಮ ಮಾತು ಇಡಬೇಕಿತ್ತು. ಬೆವರ್ಲಿ ಬೆಳಿಗ್ಗೆ ಒಪ್ಪಿದ್ರು. ಕೈಪಿಡಿ ನಿಮ್ಮದೇ."

"ಅವತ್ತೇ ಹೇಳಬಾರದಿತ್ತಾ?"

"ಮಾತು ಮುಗಿಸೋಕೆ ಬಿಟ್ರಾ?"

ಓಡೆಟ್ ಖಾಲಿ ಕುರ್ಚಿಯಲ್ಲಿ ಕುಸಿದು ಕೂತಳು. ಓಡಿಸಿ ನೋಡದೆ ಅಂದಾಜನ್ನು ನಂಬಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು, ಇವನ ವಿಷಯದಲ್ಲಿ ಅದನ್ನೇ ಮಾಡಿದ್ದಳು. ನಾಚಿಕೆಯಾಯಿತು. ಅದರ ಹಿಂದೆಯೇ ಎದೆ ಹಗುರಾಯಿತು.

"ನಾಳೆ ವಾಪಸ್ ಹೋಗ್ತೀನಿ," ಕ್ಯಾಲಮ್ ತಡವರಿಸಿದ. "ಮೂರು ದಿನದಿಂದ ಒಂದು ಮಾತು ಕೇಳಬೇಕು ಅಂತ... ನೀವು ಆಗಲ್ಲ ಅಂತೀರಾ ಅಂತ ನನ್ನ ಅಂದಾಜು."

"ಓಡಿಸಿ ನೋಡಿದ್ಯಾ?"

ಆ ‘ನೋಡಿದ್ಯಾ’ ಕೇಳಿ ಅವನ ಕಿವಿ ಕೆಂಪಾಯಿತು.

"ಇವತ್ತು ಸಂಜೆ ನನ್ನ ಜೊತೆ ಊಟಕ್ಕೆ ಬರ್ತೀಯಾ? ನೀನು ಬಂದ್ರೆ... ಟಿಕೆಟ್ ಮುಂದೆ ಹಾಕ್ತೀನಿ."

"ಬರ್ತೀನಿ. ಆದ್ರೆ ಆ ಪ್ಯಾರಾ ಕೈಪಿಡೀಲೂ ಇರುತ್ತೆ."

"ಯಾರೂ ಓದಲ್ಲ ಓಡೆಟ್."

"ನೀನು ಓದಿದ್ಯಲ್ಲ."

ಕ್ಯಾಲಮ್ ನಕ್ಕು, ಅಳಿಸಿದ್ದನ್ನು ತನ್ನ ಕೈಯಾರೆ ಮರಳಿ ಸೇರಿಸಿದ.