ಸಿಡಿಲಮ್ಮನಿಗೆ ಮೀನೆಣ್ಣೆ

ಬಹಳ ಬಹಳ ಹಿಂದೆ, ಕಡಲಿಗೆ ಆಗಷ್ಟೇ ಉಪ್ಪು ಹತ್ತಿತ್ತು ಅಂತಿಟ್ಟುಕೊಳ್ಳಿ, ಅಲೆಯೂರು ಎಂಬ ರಾಜ್ಯವಿತ್ತು. ಅದರ ಕಡಲತಡಿಯಲ್ಲಿ ಒಂದು ಉದ್ಯಾನ. ಉದ್ಯಾನದ ನಡುವೆ ಸಿಡಿಲಮ್ಮ ಎಂಬ ಹಳೇ ಯುದ್ಧದ ಹಡಗು. ಕಡಲ್ನುಂಗನೆಂಬ ಮಾಂತ್ರಿಕನನ್ನು ಹಿಂದೊಮ್ಮೆ ಓಡಿಸಿದ್ದು ಅದೇ. ಈಗ ಅದರ ಮೇಲೆ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದವು.

ಹಡಗು ಕಟ್ಟುವ ಮನೆತನದ ಲಚ್ಚಕ್ಕ ವರ್ಷ ವರ್ಷವೂ ಅದರ ಸಂದಿಗೆಲ್ಲ ಹತ್ತಿ ತುರುಕಿ, ಮೈತುಂಬ ಮೀನೆಣ್ಣೆ ಹಚ್ಚುತ್ತಿದ್ದಳು.

ಮಂತ್ರಿ ಮೂಗು ಮುಚ್ಚಿಕೊಂಡ. "ಥೂ, ಏನು ನಾತ! ಹೂದೋಟದಲ್ಲಿ ನಿಂತ ಹಡಗಿಗೆ ಎಣ್ಣೆ ಯಾಕೆ ಲಚ್ಚಕ್ಕ?"

"ನಿಂತಿದ್ದೀನಿ ಅಂತ ಅದಕ್ಕೆ ಗೊತ್ತಾಗಬಾರದು ಒಡೆಯಾ."

ಒಂದು ಬೆಳಗ್ಗೆ ಕಡಲ್ನುಂಗ ಮನೆಯಷ್ಟು ದೊಡ್ಡ ಏಡಿಯ ಮೇಲೆ ಕೂತು ಬಂದ. ದೂರ ನೀರಿನಲ್ಲೇ ನಿಂತು ಕೂಗಿದ: "ಮೂರನೇ ದಿನ ನಿಮ್ಮ ಮಕ್ಕಳನ್ನೆಲ್ಲ ಕವಡೆ ಮಾಡಿ ಕೊರಳಿಗೆ ಹಾಕ್ಕೊಳ್ತೀನಿ! ಅದಕ್ಕೂ ಮೊದಲು ಆ ಹಡಗು ಪುಡಿ!"

ಲಚ್ಚಕ್ಕನ ಮಗಳು ಚೆಲುವಿಗೆ ಇನ್ನೂ ಆರು ವರ್ಷ. ತಾಯಿ ಹಡಗಿನತ್ತ ಓಡಿದಳು. ಸಿಡಿಲಮ್ಮ ತಾಗಿದರೆ ಸಾಕು, ಅವನ ಮಾಯೆಯೆಲ್ಲ ಮುಗಿಯುತ್ತದೆ. ಆದರೆ ಸಾವಿರ ಜನ ಎಳೆದರೂ ಹಡಗು ನೀರಿಗಿಳಿಯಲಿಲ್ಲ.

ಮೊದಲ ದಿನ ಮಾಂತ್ರಿಕ ಮರ ಕೊರೆಯುವ ಹುಳು ಬಿಟ್ಟ. ಹುಳು ಎಣ್ಣೆ ನೆಕ್ಕಿ, ಹೊಟ್ಟೆ ಕೆಟ್ಟು ಸತ್ತವು.

ಎರಡನೇ ದಿನ ಹಲಗೆ ಸೀಳಲೆಂದು ಇನ್ನೊಂದು ಸೂರ್ಯನನ್ನು ಹುಟ್ಟಿಸಿದ. ಲಚ್ಚಕ್ಕ ಸೆರಗು ಸಿಕ್ಕಿಸಿ, "ಬಿಂದಿಗೆ ತನ್ರೋ!" ಎಂದಳು. ಊರಿಗೆ ಊರೇ ಹಡಗಿಗೆ ನೀರು ಹೊಯ್ಯಿತು. ಒಂದು ಹಲಗೆಯೂ ಬಿರಿಯಲಿಲ್ಲ.

ಮೂರನೇ ದಿನ ಅವನಿಗೆ ತಲೆ ಕೆಟ್ಟಿತು. "ಊರನ್ನೇ ಮುಳುಗಿಸ್ತೀನಿ!" ಎಂದು ಕಡಲನ್ನೇ ಎಬ್ಬಿಸಿದ.

ಅಯ್ಯೋ ದಡ್ಡ! ಬೇಲಿ ಮೇಲಿದ್ದ ಓತಿಕ್ಯಾತನನ್ನು ತಾನೇ ಎಳೆದು ಮೈಮೇಲೆ ಬಿಟ್ಟುಕೊಂಡ.

"ಎಲ್ಲರೂ ಹತ್ರೋ!" ಎಂದು ಲಚ್ಚಕ್ಕ ಕೂಗಿದಳು. ಮಕ್ಕಳು, ಮುದುಕರು, ಮಂತ್ರಿ, ರಾಜ, ಎಲ್ಲರೂ ಹತ್ತಿದರು. ನೀರು ಉದ್ಯಾನಕ್ಕೆ ನುಗ್ಗಿತು. ಸಿಡಿಲಮ್ಮ ಒಮ್ಮೆ ನರಳಿ ಅಲುಗಿ, ತೇಲಿಯೇ ಬಿಟ್ಟಳು! ಒಳಗೆ ಒಂದು ಹನಿ ನೀರು ಬರಲಿಲ್ಲ. ಲಚ್ಚಕ್ಕ ಚುಕ್ಕಾಣಿ ತಿರುಗಿಸಿ ನೆಟ್ಟಗೆ ಮಾಂತ್ರಿಕನ ಮೇಲೆಯೇ ನುಗ್ಗಿಸಿದಳು.

ಢಣ್! ಏಡಿ ಓಡಿಹೋಯಿತು. ಕಡಲ್ನುಂಗ ಕುಗ್ಗಿ ಕುಗ್ಗಿ ಬೆರಳುಗುರಿನಷ್ಟು ಚಿಪ್ಪಾಗಿ ಹಡಗಿನ ತಳಕ್ಕೆ ಅಂಟಿಕೊಂಡ. ಕಡಲು ಇಳಿಯಿತು. ಸಿಡಿಲಮ್ಮ ತನ್ನ ಜಾಗದಲ್ಲೇ ಬಂದು ಕೂತಳು. ಲಚ್ಚಕ್ಕ ಮಗಳನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತಳು, ಗಟ್ಟಿಯಾಗಿ ನಕ್ಕಳು. ಊರೆಲ್ಲ ಜಯಜಯ ಎಂದಿತು.

ಮಾರನೇ ವರ್ಷ ಮಂತ್ರಿಯೇ ಎಣ್ಣೆಯ ಗಡಿಗೆ ಹೊತ್ತು ಬಂದ.

"ಎಲ್ಲಿಂದ ಹಚ್ಚಲಿ ಲಚ್ಚಕ್ಕ?"

"ತಳದಿಂದ ಒಡೆಯಾ. ಅಲ್ಲೊಂದು ಚಿಪ್ಪಿದೆ, ಅದನ್ನ ಮೊದಲು ಕೆರೆದು ಬಿಸಾಕಿ."

ಮಂತ್ರಿ ಕೆರೆದು ಬಿಸಾಕಿದ. ಅಲೆಯೂರಿನವರು ಮೀನೆಣ್ಣೆಯ ನಾತದಲ್ಲೇ ನೂರು ಕಾಲ ಸುಖವಾಗಿ ಬಾಳಿದರು.